ಪ್ರೊಜೆಕ್ಟರಾ ಟಿವಿಯಾ, ಸೌಂಡ್‌ಬಾರಾ ರಿಸೀವರಾ: ನಮ್ಮ ಹಾಲ್‌ನಲ್ಲಿ ನಾಲ್ಕು ತಿಂಗಳ ಪ್ರಯೋಗ

ನಮ್ಮ ಮನೆಯಲ್ಲಿ ಸಿನಿಮಾ ಹಾಕಿದಾಗೆಲ್ಲ ಒಂದು ಪ್ರಶ್ನೆ ಬರುತ್ತಿತ್ತು. "ಏನಂದ ಅವನು?" ಕೇಳುತ್ತಿದ್ದವರು ಅಮ್ಮ. ಅವರಿಗೆ 74 ವರ್ಷ. ಕಿವಿ ಮಂದವಾಗಿಲ್ಲ, ಆದರೆ ಹಿಂದೆ ಮ್ಯೂಸಿಕ್ ಜೋರಾದರೆ ಮಾತು ಹಿಡಿಯಲು ಕಷ್ಟ. ಮಗಳು ವಾಲ್ಯೂಮ್ ಏರಿಸುತ್ತಾಳೆ. ಮರುಕ್ಷಣ ಫೈಟ್ ಶುರುವಾದರೆ ಎಲ್ಲರೂ ಬೆಚ್ಚಿ ಬೀಳುತ್ತೇವೆ. ಮತ್ತೆ ಇಳಿಸುತ್ತಾಳೆ. ಎರಡೂವರೆ ಗಂಟೆ ಇದೇ ಕೆಲಸ. ಅರ್ಧ ಸಿನಿಮಾಕ್ಕೆ ಅಮ್ಮ ಎದ್ದು ಹೋಗಿ ಮಲಗಿಬಿಡುತ್ತಿದ್ದರು.

ಹಳೇ 43 ಇಂಚಿನ ಟಿವಿ ಫೆಬ್ರವರಿಯಲ್ಲಿ ಕೈಕೊಟ್ಟಿತು. ಈ ಸಲ ಸರಿಯಾಗಿ ಮಾಡೋಣ, ಎಲ್ಲರೂ ಕೂತು ನೋಡುವಂತೆ ಒಂದು ಹೋಂ ಥಿಯೇಟರ್ ಕಟ್ಟೋಣ ಅಂತ ಹೊರಟೆ. ಸುಮ್ನೆ ಅಂಗಡಿಗೆ ಹೋಗಿ ತರುವ ಬದಲು ಒಂದೊಂದನ್ನೂ ಮನೆಯಲ್ಲಿಟ್ಟು ನೋಡಿದೆ. ಕೆಲವನ್ನು ಕೊಂಡೆ, ಕೆಲವನ್ನು ಕೇಳಿ ತಂದೆ.

ಮೊದಲು ನಮ್ಮ ಹಾಲ್ ಹೇಗಿದೆ ಅಂತ ಹೇಳಿಬಿಡುತ್ತೇನೆ, ಯಾಕಂದ್ರೆ ಮುಂದಿನದೆಲ್ಲ ಅದರ ಮೇಲೇ ನಿಂತಿದೆ. ಶಿವಮೊಗ್ಗದ ಗೋಪಾಳದಲ್ಲಿ ಮೊದಲ ಮಹಡಿ. ಹಾಲ್ 12ಕ್ಕೆ 16 ಅಡಿ. ಬಲಗಡೆ ಗೋಡೆ, ಎಡಗಡೆ ಊಟದ ಮನೆಗೆ ಪೂರ್ತಿ ತೆರೆದಿದೆ. ಪಶ್ಚಿಮಕ್ಕೆ ದೊಡ್ಡ ಕಿಟಕಿ. ನೆಲಕ್ಕೆ ವಿಟ್ರಿಫೈಡ್ ಟೈಲ್ಸ್. ಸೋಫಾದಿಂದ ಟಿವಿ ಗೋಡೆಗೆ 9 ಅಡಿ. ಕೆಳಗಿನ ಮನೆಯಲ್ಲಿ ಬಾಡಿಗೆಗಿರುವ ಸಂಸಾರ, ಅವರಿಗೆ ಪುಟ್ಟ ಮಗು.

ಮನಸ್ಸಿದ್ದದ್ದು ಪ್ರೊಜೆಕ್ಟರ್ ಮೇಲೆ. 100 ಇಂಚಿನ ಪರದೆ ಅಂದರೆ ಏಳೂಕಾಲು ಅಡಿ ಅಗಲ, ನಾಲ್ಕು ಅಡಿ ಎತ್ತರ. 55 ಇಂಚಿನ ಟಿವಿಗಿಂತ ಮೂರು ಪಟ್ಟಿಗೂ ಜಾಸ್ತಿ ಜಾಗ. ಯಾರಿಗೆ ಆಸೆ ಆಗಲ್ಲ ಹೇಳಿ. ಆನ್‌ಲೈನ್‌ನಲ್ಲಿ 14 ಸಾವಿರಕ್ಕೆ ಒಂದು ಸಿಕ್ಕಿತು. ಪೆಟ್ಟಿಗೆ ಮೇಲೆ '4ಕೆ ಸಪೋರ್ಟ್' ಅಂತ ದೊಡ್ಡದಾಗಿ ಬರೆದಿತ್ತು. ಹಾಕಿ ನೋಡಿದರೆ ಅಕ್ಷರಗಳ ಅಂಚು ಮಸುಕು. ವಿವರ ಪಟ್ಟಿಯ ಕೊನೆಯಲ್ಲಿ ಸಣ್ಣಕ್ಷರದಲ್ಲಿ ಸಿಕ್ಕಿತು: ನೇಟಿವ್ ರೆಸಲ್ಯೂಷನ್, ಅಂದರೆ ಅದು ನಿಜಕ್ಕೂ ತೋರಿಸಬಲ್ಲ ಚುಕ್ಕಿಗಳ ಲೆಕ್ಕ, 1280 ಗುಣಿಸು 720. 4ಕೆಗಿಂತ ತೀರ ಕಡಿಮೆ. ಸಪೋರ್ಟ್ ಅಂದರೆ 4ಕೆ ಸಿಗ್ನಲ್ ಕೊಟ್ಟರೆ ಒಳಗೆ ತೆಗೆದುಕೊಳ್ಳುತ್ತದೆ, ಅಷ್ಟೇ. ತೋರಿಸುವುದು ತನ್ನ ಕೈಲಾದಷ್ಟನ್ನು. ಬೆಳಕಿನ ಲೆಕ್ಕವೂ ಹಾಗೇ. ಬರೀ 'ಲ್ಯೂಮೆನ್' ಅಂತ ಬರೆದಿದ್ದರೆ ನಂಬಬೇಡಿ, ನಿಗದಿತ ಪದ್ಧತಿಯಲ್ಲಿ ಅಳೆದ 'ಆನ್ಸಿ ಲ್ಯೂಮೆನ್' ಎಷ್ಟು ಅಂತ ಕೇಳಿ. ಇನ್ನೊಂದು ತೊಂದರೆಯೂ ಇತ್ತು. ಒಟಿಟಿಗಳ ಲೈಸೆನ್ಸ್ ಇಲ್ಲದ ಇಂಥ ಅಗ್ಗದ ಪ್ರೊಜೆಕ್ಟರುಗಳಲ್ಲಿ ಕೆಲವು ಆ್ಯಪ್ ತೆರೆಯುವುದೇ ಇಲ್ಲ, ತೆರೆದರೂ 480ಪಿಯ ಮಸುಕು ಚಿತ್ರದಲ್ಲೇ ಓಡುತ್ತವೆ. ವಾರದೊಳಗೆ ವಾಪಸ್ ಕಳಿಸಿದೆ. ಈ ಬೆಲೆಯ ಪ್ರೊಜೆಕ್ಟರ್ ಬಗ್ಗೆ ಇದಕ್ಕಿಂತ ಜಾಸ್ತಿ ಹೇಳುವುದೇನೂ ಇಲ್ಲ.

ಏಪ್ರಿಲ್‌ನಲ್ಲಿ ಭಾವ ತಮ್ಮ ಪ್ರೊಜೆಕ್ಟರನ್ನು ಒಂದು ತಿಂಗಳಿಗೆ ಕೊಟ್ಟರು. ಅದು ನಿಜವಾದ ಫುಲ್ ಎಚ್‌ಡಿ, 3000 ಆನ್ಸಿ ಲ್ಯೂಮೆನ್‌ನ ಲ್ಯಾಂಪ್ ಮಾಡೆಲ್. ಮೊದಲ ರಾತ್ರಿ ದೀಪ ಆರಿಸಿ ಪರದೆ ಬೆಳಗಿದಾಗ ಮಕ್ಕಳಿಬ್ಬರೂ ಮಾತೇ ಆಡಲಿಲ್ಲ. ಕಾಡಿನ ದೃಶ್ಯವೊಂದರಲ್ಲಿ ಎಲೆ ಮೇಲಿನ ಮಳೆಹನಿ ಅಂಗೈಯಷ್ಟು ದೊಡ್ಡದು. ಇದು ಬರೀ ದೊಡ್ಡ ಟಿವಿ ಅಂತ ಯಾರಾದರೂ ಹೇಳಿದರೆ ನಾನು ಒಪ್ಪಲ್ಲ. ಮುಖಗಳು ನಮ್ಮ ಮುಖಕ್ಕಿಂತ ದೊಡ್ಡದಾದಾಗ ಸಿನಿಮಾ ಬೇರೆಯೇ ಆಗುತ್ತದೆ.

ಮರುದಿನ ಮಧ್ಯಾಹ್ನ ಐಪಿಎಲ್ ಹಾಕಿದೆವು. ಕಿಟಕಿಯ ಪರದೆ ಎಳೆದೆವು, ಆದರೂ ಪಶ್ಚಿಮದಿಂದ ಬೆಳಕು ಸೋರುತ್ತಿತ್ತು. ಚಿತ್ರ ನೀರು ಬೆರೆಸಿದ ಹಾಲಿನಂತಾಯಿತು. ಕಾರಣ ಸರಳ. ಪ್ರೊಜೆಕ್ಟರ್ ಬೆಳಕನ್ನು ಚೆಲ್ಲಬಲ್ಲದು, ಕಪ್ಪನ್ನು ಚೆಲ್ಲಲಾರದು. ಪರದೆ ಮೇಲಿನ ಕಪ್ಪು ಎಂದರೆ ಆ ಕೋಣೆಯ ಕತ್ತಲೆ ಎಷ್ಟೋ ಅಷ್ಟೇ. ಸಂಜೆ ಏಳಕ್ಕೆ ಅಮ್ಮನ ಧಾರಾವಾಹಿ, ಅಡುಗೆಮನೆಯಲ್ಲಿ ಲೈಟು, ಮಗನ ಹೋಂವರ್ಕು. ಹಾಲ್ ಕತ್ತಲಾಗುವುದು ಒಂಬತ್ತೂವರೆ ಮೇಲೇ.

ಇನ್ನು ಫ್ಯಾನ್ ವಿಷಯ. ಇದನ್ನು ಯಾರೂ ಮೊದಲೇ ಹೇಳಿರಲಿಲ್ಲ. 100 ಇಂಚು ಬರಬೇಕಾದರೆ ಈ ಪ್ರೊಜೆಕ್ಟರ್ ಪರದೆಯಿಂದ ಕನಿಷ್ಠ ಎಂಟೂಮುಕ್ಕಾಲು ಅಡಿ ಹಿಂದೆ ಇರಬೇಕು. ನಮ್ಮ ಹಾಲ್‌ನಲ್ಲಿ ಪ್ರೊಜೆಕ್ಟರ್‌ಗೂ ಪರದೆಗೂ ಮಧ್ಯದಲ್ಲೇ ಸೀಲಿಂಗ್ ಫ್ಯಾನ್ ಬರುತ್ತದೆ. ಸೀಲಿಂಗ್‌ಗೆ ಒತ್ತಿ ಕೂರಿಸಿದರೆ ಬೆಳಕು ರೆಕ್ಕೆಗಳ ಮೂಲಕ ಹೋಗಿ ಚಿತ್ರ ಪಟಪಟ ಮಿನುಗುತ್ತದೆ. ಉದ್ದದ ರಾಡ್ ಹಾಕಿ ಫ್ಯಾನಿಗಿಂತ ಕೆಳಗೆ ಇಳಿಸಿದೆ. ಆಗ ಫ್ಯಾನಿನ ಅದುರು ರಾಡಿಗೆ ಬಂದು ಚಿತ್ರ ಸಣ್ಣಗೆ ನಡುಗತೊಡಗಿತು. ಏಪ್ರಿಲ್ ಸೆಕೆಯಲ್ಲಿ ಫ್ಯಾನ್ ಆರಿಸಿ ಕೂರಲು ಆಗುತ್ತದಾ? ಕೊನೆಗೆ ಸೋಫಾ ಹಿಂದೆ ಎತ್ತರದ ಸ್ಟೂಲ್ ಮೇಲೆ ಇಟ್ಟೆವು. ಯಾರಾದರೂ ನೀರಿಗೆ ಎದ್ದರೆ ತಲೆಯ ನೆರಳು ಪರದೆ ಮೇಲೆ.

ಜೊತೆಗೆ ಗುಡುಗು-ಮಳೆಗೆ ಕರೆಂಟ್ ಹೋಗುವ ಕಾಲ. ಲ್ಯಾಂಪ್ ಕಾದಿರುವಾಗ ಒಳಗಿನ ಫ್ಯಾನ್ ಹಠಾತ್ತನೆ ನಿಂತರೆ ಲ್ಯಾಂಪಿನ ಆಯಸ್ಸು ಕುಗ್ಗುತ್ತದೆ. ಹಾಗಾಗಿ ಒಂದು ಯುಪಿಎಸ್ ಬೇಕೇ ಬೇಕು. ಎಲ್‌ಇಡಿ, ಲೇಸರ್ ಮಾಡೆಲ್‌ಗಳಲ್ಲಿ ಈ ಚಿಂತೆ ಕಡಿಮೆ. ಇನ್ನೊಂದು ಸಂಗತಿ ಮಗ ಕಂಡುಹಿಡಿದ. ಕಣ್ಣು ಪಕ್ಕಕ್ಕೆ ಹೊರಳಿಸಿದಾಗ ಬಿಳಿ ಅಕ್ಷರಗಳ ಅಂಚಲ್ಲಿ ಕೆಂಪು-ಹಸಿರು-ನೀಲಿ ಮಿಂಚು ಕಾಣುತ್ತದೆ ಅಂದ. ನನಗೆ ಕಾಣಲಿಲ್ಲ, ಆದರೆ ಅವನು ಹೇಳಿದ್ದು ಸರಿ. ಇದರಂಥ ಒಂದೇ ಚಿಪ್‌ನ ಡಿಎಲ್‌ಪಿ (ಸಣ್ಣ ಕನ್ನಡಿಗಳ ಚಿಪ್‌ನಿಂದ ಚಿತ್ರ ಮೂಡಿಸುವ) ಪ್ರೊಜೆಕ್ಟರ್ ಬಣ್ಣದ ಚಕ್ರ ತಿರುಗಿಸಿ ಒಂದಾದ ಮೇಲೊಂದು ಬಣ್ಣ ತೋರಿಸುತ್ತದೆ. ಕೆಲವರ ಕಣ್ಣು ಅದನ್ನು ಹಿಡಿದುಬಿಡುತ್ತದೆ. ಮೂರು ಎಲ್‌ಸಿಡಿ ಇರುವ ಮಾಡೆಲ್‌ಗಳಲ್ಲಿ ಈ ಕಾಟ ಇಲ್ಲ. ಕೊಳ್ಳುವ ಮೊದಲು ಮನೆಯವರೆಲ್ಲರನ್ನೂ ಕೂರಿಸಿ ನೋಡುವುದು ಒಳ್ಳೆಯದು.

ಟಿವಿ ಕಡೆ ಬಂದರೆ ಕಥೆ ಸಣ್ಣದು. ಪರದೆ ನಮ್ಮ ಕಣ್ಣಿಗೆ ಸುಮಾರು 30 ಡಿಗ್ರಿ ಅಗಲ ಕಾಣಬೇಕು ಅನ್ನುವ ಲೆಕ್ಕ ಒಂದಿದೆ. ಅಂದರೆ ಟಿವಿಯ ಇಂಚನ್ನು 1.6ರಿಂದ ಗುಣಿಸಿದರೆ ಕೂರುವ ದೂರ ಇಂಚಿನಲ್ಲಿ ಸಿಗುತ್ತದೆ. 65 ಇಂಚಿಗೆ ಸುಮಾರು ಎಂಟೂಮುಕ್ಕಾಲು ಅಡಿ. ನಮ್ಮ 9 ಅಡಿಗೆ ಸರಿಯಾಗಿ ಕೂತಿತು. 2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟಿವಿಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಿದ್ದು ನಮಗೆ ನೆರವಾಯಿತು. ಪ್ರೊಜೆಕ್ಟರ್‌ಗೂ ಅದೇ ಇಳಿಕೆ ಸಿಕ್ಕಿದೆ, ನ್ಯಾಯವಾಗಿ ಅದನ್ನೂ ಹೇಳಬೇಕು. ಟಿವಿ ತಂದ ದಿನವೇ ಎರಡು ಕೆಲಸ ಮಾಡಿ. ಚಿತ್ರವನ್ನು 'ವಿವಿಡ್'ನಿಂದ 'ಸಿನಿಮಾ' ಅಥವಾ 'ಫಿಲ್ಮ್‌ಮೇಕರ್' ಮೋಡ್‌ಗೆ ಹಾಕಿ. ಮೋಷನ್ ಸ್ಮೂದಿಂಗ್ ಆರಿಸಿ. ಸಿನಿಮಾ ಸೆಕೆಂಡಿಗೆ 24 ಫ್ರೇಮ್‌ನದ್ದು. ಟಿವಿ ನಡುನಡುವೆ ತಾನೇ ಫ್ರೇಮ್ ಸೇರಿಸಿದರೆ ದೊಡ್ಡ ಸಿನಿಮಾ ಕೂಡ ಧಾರಾವಾಹಿ ಥರ ಕಾಣುತ್ತದೆ.

ರಾತ್ರಿಯ ಸಿನಿಮಾದಲ್ಲಿ ಪ್ರೊಜೆಕ್ಟರ್ ಗೆದ್ದಿತು. ಉಳಿದ ಹದಿನಾರು ಗಂಟೆಯಲ್ಲಿ ಟಿವಿ ಗೆದ್ದಿತು. ಇರುವುದು ಒಂದೇ ಹಾಲ್ ಆದ ಮೇಲೆ ನಾನು ಟಿವಿಯನ್ನೇ ಇಟ್ಟುಕೊಂಡೆ. ಕತ್ತಲು ಮಾಡಬಹುದಾದ ಬೇರೆ ಕೋಣೆ ಇದ್ದಿದ್ದರೆ ಪ್ರೊಜೆಕ್ಟರ್ ವಾಪಸ್ ಕೊಡುತ್ತಿರಲಿಲ್ಲ.

ಆದರೆ ಇಷ್ಟೆಲ್ಲ ಆದರೂ ಅಮ್ಮನ ಪ್ರಶ್ನೆ ಹಾಗೇ ಉಳಿದಿತ್ತು. "ಏನಂದ?" ಚಿತ್ರ 65 ಇಂಚಾದರೂ ಮಾತು ಅದೇ ಬಡಕಲು ಸ್ಪೀಕರಿನದ್ದು. ಟಿವಿ ತೆಳ್ಳಗಾದಷ್ಟೂ ಸ್ಪೀಕರಿಗೆ ಜಾಗ ಇಲ್ಲ. ನಮ್ಮದರಲ್ಲಿ ಅವು ನೆಲದ ಕಡೆ ಮುಖ ಮಾಡಿವೆ, ನಮ್ಮ ಕಡೆ ಅಲ್ಲ.

ಮೊದಲು ತಂದಿದ್ದು ಗೆಳೆಯನ ಸೌಂಡ್‌ಬಾರ್, ಅಂದರೆ ಟಿವಿ ಕೆಳಗೆ ಇಡುವ ಉದ್ದನೆಯ ಸ್ಪೀಕರ್ ಪಟ್ಟಿ. ಜೊತೆಗೆ ಬೇಸ್‌ಗೆ ಅಂತ ಒಂದು ಸಬ್‌ವೂಫರ್. ಒಂದೇ ಎಚ್‌ಡಿಎಂಐ ಕೇಬಲ್, ಟಿವಿಯ 'ಆರ್ಕ್' ಅಂತ ಬರೆದಿರುವ ತೂತಿಗೆ ಸಿಕ್ಕಿಸಿದರೆ ಮುಗಿಯಿತು. ಟಿವಿ ರಿಮೋಟ್‌ನಲ್ಲೇ ಎಲ್ಲ ನಡೆಯುತ್ತದೆ. ಹೆಂಡತಿಗೆ ತುಂಬ ಹಿಡಿಸಿತು. ಹಾಡು ತುಂಬಿಕೊಂಡು ಬಂತು. ಆದರೆ ಅದು 2.1 ಬಾರ್, ಅಂದರೆ ಎಡ-ಬಲ ಎರಡು ಚಾನೆಲ್, ಒಂದು ಸಬ್‌ವೂಫರ್. ಮಾತಿಗೆ ಅಂತ ಬೇರೆ ಸ್ಪೀಕರ್ ಇಲ್ಲ. ಸಂಗೀತ ಗಟ್ಟಿಯಾಯಿತು, ಮಾತು ಅದರೊಳಗೇ ಮುಳುಗಿತು. ಆಮೇಲೆ ಮಧ್ಯದಲ್ಲಿ ಸೆಂಟರ್ ಸ್ಪೀಕರ್ ಇರುವ 3.1 ಬಾರ್ ಒಂದನ್ನು ವಾರ ಇಟ್ಟುಕೊಂಡೆ. ವ್ಯತ್ಯಾಸ ಅಲ್ಲೇ ಗೊತ್ತಾಯಿತು. ಸಿನಿಮಾದ ಮಾತು ಬಹುಪಾಲು ಇರುವುದೇ ಸೆಂಟರ್ ಚಾನೆಲ್‌ನಲ್ಲಿ. ಬಾಡಿಗೆ ಮನೆಯಲ್ಲಿರುವವರಿಗೆ, ವೈರಿನ ತಾಪತ್ರಯ ಬೇಡ ಅನ್ನುವವರಿಗೆ ನಾನು ಕಣ್ಣುಮುಚ್ಚಿ ಹೇಳುವುದು 3.1 ಬಾರ್. ವ್ಯಾಟ್ ನೋಡಬೇಡಿ, ಸೆಂಟರ್ ಇದೆಯಾ ನೋಡಿ.

ಶಬ್ದ ಗೋಡೆಗೆ ಬಡಿದು ಮರಳುವಂತೆ ಮಾಡಿ ಸರೌಂಡ್ (ಸುತ್ತಲಿಂದ ಬರುವ ಶಬ್ದ) ಕೊಡುತ್ತೇವೆ ಅನ್ನುವ ಬಾರ್‌ಗಳಿಗೆ ನಮ್ಮ ಹಾಲ್ ಒಗ್ಗಲಿಲ್ಲ. ಬಲಗಡೆಯ ಗೋಡೆಯಿಂದ ಶಬ್ದ ಬಂತು, ಎಡಗಡೆ ಬಡಿಯಲು ಗೋಡೆಯೇ ಇಲ್ಲ. ಶಬ್ದ ತಲೆ ಮೇಲಿಂದಲೂ ಬಂದಂತೆ ಕೇಳಿಸಲು ಮೇಲ್ಮುಖ ಸ್ಪೀಕರ್ ಇರುವ ಅಟ್ಮಾಸ್ ಬಾರ್ ತೀರ್ಥಹಳ್ಳಿಯಲ್ಲಿ ತಂಗಿ ಮನೆಯಲ್ಲಿದೆ. ಅವರದು ಮಂಗಳೂರು ಹೆಂಚಿನ ಇಳಿಜಾರು ಮಾಡು. ಅಟ್ಮಾಸ್ ಬಾರಿನ ಶಬ್ದ ಬಡಿದು ಕೆಳಗೆ ಬರಲು ಚಪ್ಪಟೆ ಸೀಲಿಂಗ್ ಬೇಕು. ಮೇಲಿಂದ ಮಳೆ ಸುರಿಯುವ ಶಬ್ದ ಅಲ್ಲಿ ಕೇಳಿಸಿದ್ದು ನಿಜವಾದ ಮಳೆ ಬಂದಾಗ ಮಾತ್ರ.

ಕೊನೆಗೆ ರಿಸೀವರ್, ಅಂದರೆ ಬಿಡಿ ಸ್ಪೀಕರುಗಳಿಗೆ ಶಬ್ದ ಹಂಚಿ ನಡೆಸುವ ಪೆಟ್ಟಿಗೆ. ಪರಿಚಯದವರೊಬ್ಬರು 5.1 (ಮುಂದೆ ಮೂರು, ಹಿಂದೆ ಎರಡು ಸ್ಪೀಕರ್, ಒಂದು ಸಬ್) ರಿಸೀವರನ್ನು 16 ಸಾವಿರಕ್ಕೆ ಕೊಟ್ಟರು. ಸೆಂಟರ್ ಸ್ಪೀಕರ್ 7 ಸಾವಿರ, ಎಡ-ಬಲದ ಜೋಡಿ 12 ಸಾವಿರ, ಸಬ್‌ವೂಫರ್ 15 ಸಾವಿರ. ಒಟ್ಟು 50 ಸಾವಿರ, 3.1 ಬಾರ್‌ನ ಎರಡು ಪಟ್ಟು. ಹಿಂದಿನ ಎರಡು ಸ್ಪೀಕರ್ ಆಮೇಲೆ ತಂದೆ. ವೈರು ಎಳೆಯಲು ಇಡೀ ಭಾನುವಾರ ಹೋಯಿತು. ನೆಲ ಒರೆಸುವಾಗ ನೀರು ತಾಗದಂತೆ ಸ್ಕರ್ಟಿಂಗ್ ಮೇಲೆ ಪಟ್ಟಿ ಹೊಡೆದೆ.

ಮೊದಲ ದಿನ ನಿರಾಸೆಯೇ ಆಯಿತು. ಶಬ್ದ ಗುಂಯ್ ಅನ್ನುತ್ತಿತ್ತು. ಚಪ್ಪಾಳೆ ತಟ್ಟಿದರೆ ಹಾಲ್ ಮರುದನಿ ಕೊಡುತ್ತಿತ್ತು. ಟೈಲ್ಸ್‌ನ ಪ್ರಭಾವ ಅದು. ಅಮ್ಮ ಅಟ್ಟದ ಪೆಟ್ಟಿಗೆಯಿಂದ ನವಲಗುಂದದ ಜಮಖಾನ ತೆಗೆಸಿದರು, ಅವರ ಮದುವೆಗೆ ಬಂದಿದ್ದು. ಸೋಫಾಗೂ ಟಿವಿಗೂ ನಡುವೆ ಹಾಸಿದೆವು. ಕಿಟಕಿಗೆ ದಪ್ಪ ಪರದೆ ಬಿತ್ತು. ಚಪ್ಪಾಳೆಯ ಬಾಲ ತುಂಡಾಯಿತು. ಆ ಜಮಖಾನ ಮಾಡಿದ ಕೆಲಸವನ್ನು ಯಾವ ಸೆಟ್ಟಿಂಗೂ ಮಾಡಿರಲಿಲ್ಲ.

ಸಬ್‌ವೂಫರ್‌ಗೂ ಒಂದು ಉಪಾಯ ಇದೆ. ಅದನ್ನು ಸೋಫಾದಲ್ಲಿ ನಾವು ಕೂರುವ ಜಾಗದಲ್ಲಿಡಬೇಕು. ದಪ್ಪ ಬೇಸ್ ಇರುವ ಹಾಡು ಹಾಕಿ, ನಾವು ನೆಲದ ಮೇಲೆ ಗೋಡೆಗುಂಟ ಅಂಬೆಗಾಲಲ್ಲಿ ಹೋಗಬೇಕು. ಎಲ್ಲಿ ಬೇಸ್ ಬಿಡಿಬಿಡಿಯಾಗಿ ಕೇಳಿಸುತ್ತದೋ ಅಲ್ಲೇ ಅದರ ಜಾಗ. ನಮ್ಮಲ್ಲಿ ಮೂಲೆ ಬಿಟ್ಟು ಮೂರು ಅಡಿ ಈಚೆಗೆ ಬಂತು. ಅಡಿಗೆ ದಪ್ಪ ರಬ್ಬರ್ ಶೀಟ್ ಇಟ್ಟೆ. ಒಂಬತ್ತೂವರೆ ಮೇಲೆ ಸಬ್ ಆರಿಸಿ ರಿಸೀವರ್‌ನ ನೈಟ್ ಮೋಡ್ ಹಾಕುತ್ತೇವೆ. ಜೋರು ಶಬ್ದ ತಗ್ಗುತ್ತದೆ, ಪಿಸುಮಾತು ಮೇಲೆ ಬರುತ್ತದೆ. ಕೆಳಗಿನ ಮಗು ಇದುವರೆಗೆ ಎಚ್ಚರವಾಗಿಲ್ಲ, ಅವರ ತಾಯಿಯನ್ನೇ ಕೇಳಿದ್ದೇನೆ.

ರಿಸೀವರಿಗೂ ಬಾರಿಗೂ ನಮಗೆ ಕಂಡ ವ್ಯತ್ಯಾಸ ಇಲ್ಲಿದೆ. ರಿಸೀವರ್‌ನಲ್ಲಿ ಸೆಂಟರ್ ಒಂದನ್ನೇ ಬೇಕಾದಷ್ಟು ಏರಿಸಬಹುದು. ಸ್ಪೀಕರ್ ಟಿವಿ ಕೆಳಗೆ ಮಂಡಿ ಎತ್ತರದಲ್ಲಿತ್ತು. ಮುಂಭಾಗಕ್ಕೆ ಮರದ ತುಂಡು ಕೊಟ್ಟು ಅಮ್ಮನ ಕಿವಿಯ ಕಡೆ ಮುಖ ಎತ್ತಿಸಿದೆ. ಆಮೇಲೆ 3 ಡೆಸಿಬೆಲ್ ಜಾಸ್ತಿ ಮಾಡಿದೆ. ಆ ರಾತ್ರಿ ಅಮ್ಮ ಸಿನಿಮಾ ಮುಗಿಯುವವರೆಗೂ ಕೂತಿದ್ದರು. ಒಮ್ಮೆಯೂ ಕೇಳಲಿಲ್ಲ. ನಡುವೆ ಮಗನೇ "ಏನಂದ?" ಅಂದಾಗ ಅಮ್ಮ ಉತ್ತರ ಕೊಟ್ಟರು.

ಅವರಿಗೆ ಇನ್ನೂ ಇಷ್ಟವಾಗಿದ್ದು ಅಣ್ಣಾವ್ರ ಕಪ್ಪು-ಬಿಳುಪು ಸಿನಿಮಾಗಳು. ಅವು ಮೋನೋ. ಎಡಕ್ಕೂ ಬಲಕ್ಕೂ ಒಂದೇ ಧ್ವನಿ. ರಿಸೀವರ್‌ನಲ್ಲಿ 'ಡಾಲ್ಬಿ ಸರೌಂಡ್' ಮೋಡ್ ಹಾಕಿದರೆ ಆ ಧ್ವನಿ ಪೂರ್ತಿ ಸೆಂಟರಿಗೆ ಬರುತ್ತದೆ. ರಾಜ್‌ಕುಮಾರ್ ಅವರ ಮಾತು ಅವರ ಬಾಯಿಂದಲೇ ಬಂದಂತೆ ಕೇಳಿಸುತ್ತದೆ.

5.1 ಕೊಂಡು ಎರಡೇ ಸ್ಪೀಕರಿನ ಶಬ್ದ ಕೇಳುತ್ತಿರುವ ಮನೆಗಳು ಜಾಸ್ತಿ ಇವೆ ಅಂತ ನನಗೆ ಅನ್ನಿಸುತ್ತದೆ. ನಾನೇ ಒಂದು ವಾರ ಹಾಗೆ ಕೇಳಿದೆ. ಟಿವಿಯ ಸೌಂಡ್ ಔಟ್‌ಪುಟ್ 'ಪಿಸಿಎಂ'ನಲ್ಲಿತ್ತು, ಆರ್ಕ್‌ನಲ್ಲಿ ಅದು ಕಳಿಸುವುದು ಎಡ-ಬಲ ಎರಡೇ ಚಾನೆಲ್. ಅದನ್ನು 'ಪಾಸ್‌ಥ್ರೂ' ಅಥವಾ 'ಆಟೋ'ಗೆ ಬದಲಿಸಿ. ಒಟಿಟಿಯಲ್ಲಿ ಕನ್ನಡ 5.1 ಟ್ರ್ಯಾಕ್ ಇದ್ದರೆ ಅದನ್ನೇ ಆರಿಸಿ. ರಿಸೀವರ್ ಮೇಲೆ 'ಡಾಲ್ಬಿ ಡಿಜಿಟಲ್' ಅಂತ ಬೆಳಗಿದರೆ ಸರಿ. ಬ್ಲೂಟೂತ್‌ನಲ್ಲಿ ಮಾತ್ರ ಸಿನಿಮಾ ಕೇಳಬೇಡಿ, ತುಟಿ ಮೊದಲು ಆಡಿ ಮಾತು ಆಮೇಲೆ ಬರುತ್ತದೆ.

ಹಣ ಕಡಿಮೆ ಇದ್ದರೆ ಟಿವಿಯನ್ನು 55ಕ್ಕೆ ಇಳಿಸಿ, ಸೆಂಟರ್ ಸ್ಪೀಕರ್ ಬಿಡಬೇಡಿ. ಹಿಂದಿನ ಸ್ಪೀಕರ್ ವರ್ಷ ಬಿಟ್ಟು ಬಂದರೂ ನಷ್ಟವಿಲ್ಲ. ನಮ್ಮಲ್ಲಿ ಅವು ಬಂದ ಮೇಲೆ ಮಕ್ಕಳು ಕುಣಿದರು, ಅಮ್ಮನಿಗೆ ವ್ಯತ್ಯಾಸವೇ ಗೊತ್ತಾಗಲಿಲ್ಲ.

ಭಾವನಿಗೆ ಪ್ರೊಜೆಕ್ಟರ್ ವಾಪಸ್ ಕೊಟ್ಟಾಗಿದೆ. ಆದರೆ ದೀಪಾವಳಿಗೆ ಮತ್ತೆ ತರುತ್ತಾರೆ. ಅಣ್ಣ-ತಂಗಿಯರ ಮಕ್ಕಳೆಲ್ಲ ಸೇರಿದರೆ ಹದಿನಾಲ್ಕು ಜನ, ಹಾಲ್ ಸಾಲುವುದಿಲ್ಲ. ತಾರಸಿ ಮೇಲೆ ಪರದೆ ಕಟ್ಟಿ, ಅಮ್ಮ ಚಿಕ್ಕಂದಿನಲ್ಲಿ ಟೆಂಟ್ ಸಿನಿಮಾ ನೋಡಿದ ಹಾಗೆ ಜಮಖಾನದ ಮೇಲೆ ಕೂತು ನೋಡುವುದು ಅಂತ ಮಾತಾಗಿದೆ. ಅಲ್ಲಿ ಫ್ಯಾನಿಲ್ಲ, ಕತ್ತಲಿಗೂ ಕೊರತೆಯಿಲ್ಲ. ರಿಸೀವರನ್ನೂ ಸೆಂಟರ್ ಸ್ಪೀಕರನ್ನೂ ಮೇಲೆ ಹೊತ್ತೊಯ್ಯಬೇಕು. ಅದಕ್ಕೆ ಅಂತ 15 ಮೀಟರ್ ವೈರು ಈಗಲೇ ತಂದಿಟ್ಟಿದ್ದೇನೆ.