ಸೆಲ್ಫ್ ಹೊಡೆಯುತ್ತದೆ, ಸ್ಟಾರ್ಟ್ ಆಗುವುದಿಲ್ಲ: ಬ್ಲೂಟೂತ್ ಸ್ಕ್ಯಾನರ್ ಜೊತೆ ನಾಲ್ಕು ವರ್ಷ

ಬೆಂಕಿಪೊಟ್ಟಣದಷ್ಟು ದೊಡ್ಡದಾದ ಈ ಓಬಿಡಿ ಸ್ಕ್ಯಾನರನ್ನು (ಕಾರಿನ ಸಾಕೆಟ್ಟಿಗೆ ಸಿಕ್ಕಿಸಿದರೆ ಎಂಜಿನ್ ಕಂಪ್ಯೂಟರಿನ ಮಾಹಿತಿಯನ್ನು ಫೋನಿನಲ್ಲಿ ತೋರಿಸುವ ಸಾಧನ) ನಾಲ್ಕು ವರ್ಷಗಳ ಹಿಂದೆ ಕೊಂಡೆ. ಎಂಜಿನ್ ದೀಪ ಉರಿದರೆ ದೋಷದ ಕೋಡ್ ಓದುವ ಕೆಲಸವನ್ನು ಎಲ್ಲ ಸ್ಕ್ಯಾನರ್‌ಗಳೂ ಮಾಡುತ್ತವೆ, ಅದರ ಬಗ್ಗೆ ಹೇಳುವುದೇನೂ ಇಲ್ಲ. ನಾನು ಬರೆಯುತ್ತಿರುವುದು ಅದು ತೋರಿಸುವ ಒಂದೇ ಒಂದು ಅಂಕಿಗಾಗಿ.

ನನ್ನದು ಹನ್ನೊಂದು ವರ್ಷ ಹಳೆಯ ಡೀಸೆಲ್ ಕಾರು, ಕಾಮನ್ ರೈಲ್ ಎಂಜಿನ್. ಅಂದರೆ ಪಂಪ್ ಭಾರೀ ಒತ್ತಡದಲ್ಲಿ ಡೀಸೆಲ್ಲನ್ನು ‘ರೈಲ್’ ಎಂಬ ಒಂದೇ ಕೊಳವೆಗೆ ತುಂಬುತ್ತದೆ, ಎಲ್ಲ ಸಿಲಿಂಡರುಗಳಿಗೂ ಅಲ್ಲಿಂದಲೇ ಹೋಗುತ್ತದೆ. ಎರಡು ವರ್ಷಗಳ ಹಿಂದೆ, ರಾತ್ರಿ ನಿಲ್ಲಿಸಿದ ಕಾರು ಬೆಳಿಗ್ಗೆ ಸ್ಟಾರ್ಟ್ ಆಗಲು ಸತಾಯಿಸತೊಡಗಿತು. ಮೊದಮೊದಲು ಎರಡು ಸಲ ಕೀ ತಿರುಗಿಸಿದರೆ ಸಾಕಿತ್ತು. ತಿಂಗಳೊಳಗೆ ಅದು ಐದಾರು ಸಲಕ್ಕೆ ಏರಿತು. ಒಂದು ದಿನ ಎಂಜಿನ್ ಏಳಲೇ ಇಲ್ಲ. ಸೆಲ್ಫ್ ಗಟ್ಟಿಯಾಗಿಯೇ ಹೊಡೆಯುತ್ತಿತ್ತು, ಸೈಲೆನ್ಸರಿನಲ್ಲಿ ಮಾತ್ರ ಹೊಗೆಯ ಸುಳಿವಿರಲಿಲ್ಲ. ಬಿಳಿ ಹೊಗೆ ಬಂದಿದ್ದರೆ ಡೀಸೆಲ್ ಒಳಗೆ ಹೋಗುತ್ತಿದೆ, ಹೊತ್ತಿಕೊಳ್ಳುತ್ತಿಲ್ಲ ಎಂದು ಹೀಟರ್ ಪ್ಲಗ್ ಕಡೆ ನೋಡಬಹುದಿತ್ತು. ಹೊಗೆಯೇ ಇಲ್ಲವೆಂದರೆ ಸಿಲಿಂಡರಿಗೆ ಡೀಸೆಲ್ಲೇ ತಲುಪುತ್ತಿಲ್ಲ. ಸ್ಕ್ಯಾನರ್ ಸಿಕ್ಕಿಸಿ ನೋಡಿದರೆ ಒಂದು ಕೋಡ್ ಕೂಡ ದಾಖಲಾಗಿರಲಿಲ್ಲ. ಬಂದು ನೋಡಿದ ಮೆಕ್ಯಾನಿಕ್, ಹೈ ಪ್ರೆಶರ್ ಪಂಪ್ ಹೋಗಿದೆ ಎಂದರು. ಪಂಪಿನ ಬೆಲೆ ಕೇಳಿದ ಮೇಲೆ, ಒಂದು ದಿನ ಯೋಚಿಸಿ ಹೇಳುತ್ತೇನೆ ಎಂದು ಅವರನ್ನು ಕಳುಹಿಸಿದೆ.

ಆ ಸಂಜೆ ಲೈವ್ ಡೇಟಾ, ಅಂದರೆ ಎಂಜಿನ್ ಸೆನ್ಸರುಗಳ ಆ ಕ್ಷಣದ ಅಂಕಿಗಳನ್ನು ತೆರೆದು ಕುಳಿತೆ. ಪರದೆಯ ಮೇಲೆ ಮೂರೇ ಅಂಕಿ ಇಟ್ಟುಕೊಳ್ಳಬೇಕು ಎಂಬುದನ್ನು ಕಲಿತದ್ದು ಅಂದೇ. ಸ್ಕ್ಯಾನರ್ ಒಂದೊಂದೇ ಪ್ರಶ್ನೆ ಕೇಳಿ ಒಂದೊಂದೇ ಉತ್ತರ ತರುತ್ತದೆ. ಹದಿನೈದು ಅಂಕಿ ಆಯ್ದುಕೊಂಡರೆ, ಸೆಲ್ಫ್ ಹೊಡೆಯುವ ಹತ್ತು ಸೆಕೆಂಡಿನಲ್ಲಿ ಬೇಕಾದದ್ದು ಕಣ್ಣಿಗೆ ಬೀಳುವುದೇ ಇಲ್ಲ. ನನಗೆ ಬೇಕಾಗಿದ್ದದ್ದು ಆರ್‌ಪಿಎಂ, ಬ್ಯಾಟರಿ ವೋಲ್ಟ್ ಮತ್ತು ರೈಲ್ ಪ್ರೆಶರ್. ಸೆಲ್ಫ್ ಹೊಡೆಯುವಾಗ ಆರ್‌ಪಿಎಂ ಸೊನ್ನೆಯಲ್ಲೇ ಇದ್ದರೆ ಕ್ರ್ಯಾಂಕ್ ಸೆನ್ಸರ್ ಮೇಲೆ ಅನುಮಾನ ಪಡಬೇಕು. ನನ್ನದು 230 ತೋರಿಸಿತು. ವೋಲ್ಟ್ 10.4ಕ್ಕೆ ಇಳಿದು ನಿಂತಿತು, ಅಂದರೆ ಬ್ಯಾಟರಿಯದು ತಪ್ಪಿಲ್ಲ. ರೈಲ್ ಪ್ರೆಶರ್ ಕಿಲೋಪಾಸ್ಕಲ್‌ನಲ್ಲಿ ಬರುತ್ತದೆ, ನೂರರಿಂದ ಭಾಗಿಸಿದರೆ ಬಾರ್. 6,000, 7,200, 7,500, ಮತ್ತೆ 7,000. ಎಷ್ಟು ಹೊಡೆದರೂ 75 ಬಾರ್ ದಾಟಲಿಲ್ಲ. ಇಂಥ ಎಂಜಿನ್‌ಗಳಲ್ಲಿ ಸಾಮಾನ್ಯವಾಗಿ 200 ಬಾರ್ ಆಸುಪಾಸಿಗೆ ಬರುವವರೆಗೆ ಇಸಿಯು (ಎಂಜಿನ್ ಕಂಪ್ಯೂಟರ್) ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರುಗಳನ್ನು ತೆರೆಯುವುದೇ ಇಲ್ಲ.

ಪ್ರೆಶರ್ ಏಳದಿರುವುದಕ್ಕೆ ಪಂಪ್ ಸವೆದಿರಬಹುದು, ಇಂಜೆಕ್ಟರುಗಳು ಹೆಚ್ಚಾದ ಡೀಸೆಲ್ ಮರಳಿ ಹೋಗುವ ರಿಟರ್ನ್ ಪೈಪಿಗೆ ಸೋರುತ್ತಿರಬಹುದು, ಇಲ್ಲವೇ ಪಂಪಿಗೆ ಡೀಸೆಲ್ಲೇ ಸಿಗದಿರಬಹುದು. ನಾಲ್ಕೂ ಇಂಜೆಕ್ಟರುಗಳ ರಿಟರ್ನ್‌ಗೆ ಒಂದೊಂದು ಪುಟ್ಟ ಬಾಟಲಿ ಕಟ್ಟಿ ಸೆಲ್ಫ್ ಹೊಡೆದೆ. ಯಾವುದರಲ್ಲೂ ಲೆಕ್ಕಕ್ಕೆ ಬರುವಷ್ಟು ಡೀಸೆಲ್ ಬೀಳಲಿಲ್ಲ. (ಎಂಜಿನ್ ಓಡುತ್ತಿರುವಾಗ ರೈಲಿನ ಉಕ್ಕಿನ ಪೈಪುಗಳನ್ನು ಮಾತ್ರ ಯಾರೂ ಸಡಿಲಿಸಬೇಡಿ. ಆ ಒತ್ತಡದ ಡೀಸೆಲ್ ಚರ್ಮವನ್ನು ಸೀಳಿ ಒಳನುಗ್ಗುತ್ತದೆ.) ಆಮೇಲೆ ಫಿಲ್ಟರಿನ ಬಳಿಯ ಹ್ಯಾಂಡ್ ಪಂಪನ್ನು ಒತ್ತುತ್ತಾ ಹೋದೆ. ಮೊದಲು ಮೆತ್ತಗೆ ಕುಸಿಯುತ್ತಿದ್ದ ರಬ್ಬರ್ ಇಪ್ಪತ್ತೈದನೆಯ ಒತ್ತಿಗೆ ಕಲ್ಲಿನಂತಾಯಿತು. ಕೀ ತಿರುಗಿಸಿದೆ. ಅಂಕಿ 12,000 ದಾಟಿತು, 19,000 ದಾಟಿತು, 26,000 ಮುಟ್ಟುತ್ತಿದ್ದಂತೆ ಎಂಜಿನ್ ಎದ್ದಿತು. ಆ ಕ್ಷಣದ ಸಂತೋಷ ಇವತ್ತಿಗೂ ಹಾಗೆಯೇ ಇದೆ. ಇಷ್ಟು ಪ್ರೆಶರ್ ಏರಿಸುವ ಪಂಪ್ ಹೋಗಿರಲು ಸಾಧ್ಯವಿರಲಿಲ್ಲ.

ರಾತ್ರಿಯಿಡೀ ನಿಂತಾಗ ಲೈನಿಗೆ ಏರ್ ಹಿಡಿಯುತ್ತಿತ್ತು. ಫಿಲ್ಟರಿನಿಂದ ಪಂಪಿಗೆ ಹೋಗುವ ಕಡೆ ಒಂದು ಗೇಣು ಪಾರದರ್ಶಕ ಪೈಪ್ ಜೋಡಿಸಿ ಟಾರ್ಚ್ ಹಿಡಿದರೆ, ಗುಳ್ಳೆಗಳು ಸಾಲುಗಟ್ಟಿ ಹೋಗುತ್ತಿದ್ದವು. ನನ್ನ ಕಾರಿನ ಟ್ಯಾಂಕಿನಲ್ಲಿ ಪಂಪಿಲ್ಲ, ಎಂಜಿನ್ ಕಡೆಯಿಂದಲೇ ಡೀಸೆಲ್ ಎಳೆದುಕೊಳ್ಳಬೇಕು. ಆದ್ದರಿಂದ ಆ ಭಾಗದಲ್ಲಿ ಬಿರುಕಿದ್ದರೆ ಹೊರಗೆ ಹನಿ ಸೋರದೆಯೂ ಒಳಗೆ ಗಾಳಿ ನುಗ್ಗುತ್ತದೆ. ಫಿಲ್ಟರಿನ ತಳದಲ್ಲಿರುವ ನೀರಿನ ಸೆನ್ಸರಿನ ರಬ್ಬರ್ ಉಂಗುರ ಚಪ್ಪಟೆಯಾಗಿ, ಒಂದು ಕಡೆ ಉಗುರಿನಿಂದ ಗೀರಿದಷ್ಟು ಸಣ್ಣಗೆ ಸೀಳಿತ್ತು. ಅದನ್ನು ಬದಲಿಸಿದ ಮೇಲೆ ಒಂದು ಬೆಳಿಗ್ಗೆಯೂ ತೊಂದರೆಯಾಗಿಲ್ಲ.

ಇಲ್ಲಿಗೇ ನಿಲ್ಲಿಸಿದ್ದರೆ ಐದಕ್ಕೆ ಐದು ಕೊಡುತ್ತಿದ್ದೆ. ಈ ಅಭಿಮಾನದಲ್ಲೇ ಸ್ಕ್ಯಾನರನ್ನು ಕಾರಿನಿಂದ ಬಿಚ್ಚುವುದನ್ನು ಬಿಟ್ಟುಬಿಟ್ಟೆ. ಕಾರು ನಿಂತರೆ ಅರ್ಧ ಗಂಟೆಯಲ್ಲಿ ಸ್ಕ್ಯಾನರ್ ತಾನಾಗಿ ನಿದ್ರೆಗೆ ಜಾರುತ್ತದೆ ಎಂದು ಪೊಟ್ಟಣದ ಮೇಲೆ ಅಚ್ಚು ಹಾಕಿದ್ದಾರೆ, ನಂಬಿದೆ. ಕಳೆದ ವರ್ಷ ಮೂರು ವಾರ ಕಾರು ಮುಟ್ಟಲಿಲ್ಲ. ಮರಳಿ ಬಂದು ಕೀ ತಿರುಗಿಸಿದರೆ ಟಕ್ ಎಂಬ ಒಂದು ಸದ್ದು, ಅಷ್ಟೇ. ಬ್ಯಾಟರಿ ಚಾರ್ಜ್ ಮಾಡಿ, ಕಾರಿನ ಎಲೆಕ್ಟ್ರಾನಿಕ್ಸ್ ಪೂರ್ತಿ ನಿದ್ರೆಗೆ ಜಾರಿದ ಮೇಲೆ ಮೀಟರ್ ಜೋಡಿಸಿ ಅಳೆದೆ. ಸ್ಕ್ಯಾನರ್ ಇದ್ದಾಗ 75 ಮಿಲಿಆಂಪಿಯರ್, ತೆಗೆದಾಗ 25. ಸ್ಕ್ಯಾನರೊಂದೇ ದಿನಕ್ಕೆ 1.2 ಆಂಪಿಯರ್ ಅವರ್ ಹೀರುತ್ತಿತ್ತು, ಮೂರು ವಾರಕ್ಕೆ 25. ಕಾರಿನದೇ ಬಳಕೆ ಸೇರಿದರೆ 60 ಆಂಪಿಯರ್ ಅವರ್ ಬ್ಯಾಟರಿಯ ಅರ್ಧಕ್ಕಿಂತ ಹೆಚ್ಚು ಖಾಲಿ. ಕಾರು ಏಕೆ ಸ್ಟಾರ್ಟ್ ಆಗುತ್ತಿಲ್ಲ ಎಂದು ಹೇಳಬೇಕಾದ ವಸ್ತುವೇ ಅದನ್ನು ಸ್ಟಾರ್ಟ್ ಆಗದಂತೆ ಮಾಡಿದ್ದನ್ನು ನಾನು ಕ್ಷಮಿಸಲಾರೆ. ತಯಾರಕರಿಗೆ ಎರಡು ಬಾರಿ ಅಳತೆಯ ಸಮೇತ ಬರೆದೆ. ಎರಡು ಬಾರಿಯೂ ಆ್ಯಪ್ ಅಳಿಸಿ ಮತ್ತೆ ಹಾಕಿಕೊಳ್ಳಿ ಎಂಬ ಉತ್ತರ ಬಂತು.

ಆದ್ದರಿಂದ ಐದಕ್ಕೆ ಮೂರು. ಕೆಲಸ ಮುಗಿದೊಡನೆ ಕಿತ್ತು ಇಡುವ ಶಿಸ್ತಿದ್ದರೆ ಕೊಳ್ಳಿ, ಹಳೆಯ ಡೀಸೆಲ್ ಕಾರಿದ್ದವರಂತೂ ಕೊಳ್ಳಲೇಬೇಕು. ಒಂದು ಪಂಪಿನ ಖರ್ಚು ಉಳಿಸಿದ ವಸ್ತುವನ್ನು ಎಸೆಯಲು ನನಗಂತೂ ಮನಸ್ಸಿಲ್ಲ. ಈಗ ಅದು ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ಟಾರ್ಚ್ ಮತ್ತು ಎರಡು ಹೆಚ್ಚುವರಿ ರಬ್ಬರ್ ಉಂಗುರಗಳ ಜೊತೆ ಇರುತ್ತದೆ. ಭಾನುವಾರ ಬೆಳಿಗ್ಗೆ ಮೊದಲ ಸೆಲ್ಫಿಗೆ ಮುಂಚೆ ಸಿಕ್ಕಿಸುತ್ತೇನೆ, ರೈಲ್ ಪ್ರೆಶರ್ ಎಷ್ಟಕ್ಕೆ ಎಂಜಿನ್ ಎದ್ದಿತು ಎಂದು ಸರ್ವಿಸ್ ಪುಸ್ತಕದ ಅಂಚಿನಲ್ಲಿ ಬರೆಯುತ್ತೇನೆ, ಬಿಚ್ಚುತ್ತೇನೆ. ಮೊನ್ನೆ ಬರೆದದ್ದು 27,400.