ಆಂಟಲೋಪ್ ಕ್ಯಾನಿಯನ್ನಾ, ವೈರ್ ಪಾಸಾ? ಎರಡನ್ನೂ ನಡೆದು ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ವೈರ್ ಪಾಸ್‌ಗೆ. ಎರಡೂ ಅಮೆರಿಕದಲ್ಲಿ, ಅರಿಝೋನಾ-ಉಟಾ ಗಡಿಯ ಹತ್ತಿರ ಇರುವ, ನೀರು ಕೊರೆದ ಇಕ್ಕಟ್ಟಿನ ಕಲ್ಲಿನ ಕಣಿವೆಗಳು. ಆಂಟಲೋಪ್ ಚೆನ್ನಾಗಿಲ್ಲ ಅಂತಲ್ಲ. ಬಣ್ಣದಲ್ಲಿ ಅದನ್ನು ಮೀರಿಸುವ ಕಲ್ಲಿನ ಸಂದಿಯನ್ನು ನಾನಂತೂ ಕಂಡಿಲ್ಲ. ಆದರೆ ಅಪ್ಪ, ಅಮ್ಮ, ನಾನು, ನನ್ನ ಗಂಡ, ನಾಲ್ಕು ಜನ ಹೋಗಿ ಒಂದು ದಿನ ಅಲ್ಲಿ, ಮಾರನೇ ದಿನ ಇಲ್ಲಿ ನಡೆದ ಮೇಲೆ, ಮತ್ತೆ ಹೋಗೋಣ ಅಂದರೆ ಕಾರನ್ನು ಯಾವ ಕಡೆ ತಿರುಗಿಸಬೇಕು ಅನ್ನುವುದರಲ್ಲಿ ನನಗೆ ಅನುಮಾನವೇ ಇಲ್ಲ.

ನಾವಿರುವುದು ಅರಿಝೋನಾದ ಫೀನಿಕ್ಸ್‌ನಲ್ಲಿ. ಹೋಗಿದ್ದು ಮೇ ಮೊದಲ ವಾರ. ಉಟಾದ ಕನಾಬ್ ಅನ್ನುವ ಸಣ್ಣ ಊರಲ್ಲಿ ಮೂರು ರಾತ್ರಿಗೆ ರೂಮು ಮಾಡಿದ್ದೆವು. ಆಂಟಲೋಪ್ ಇರುವುದು ಅರಿಝೋನಾದ ಪೇಜ್ ಪಕ್ಕ, ಕನಾಬ್‌ನಿಂದ ಒಂದೂಕಾಲು ಗಂಟೆಯ ದಾರಿ. ವೈರ್ ಪಾಸ್ ಇವೆರಡರ ನಡುವೆ ಬರುತ್ತದೆ.

ಈಗ ಆಂಟಲೋಪ್‌ನಲ್ಲಿ ಆದ ತೊಂದರೆ. ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಇದು ಯಾರಿಗೂ ಆಗಬಹುದು. ಅರಿಝೋನಾದಲ್ಲಿ ಬೇಸಿಗೆಗೆ ಗಡಿಯಾರ ಒಂದು ಗಂಟೆ ಮುಂದೆ ಹಾಕುವ ಪದ್ಧತಿ ಇಲ್ಲ. ಉಟಾದಲ್ಲಿ ಇದೆ. ನವಾಹೋ ನೇಷನ್‌ನಲ್ಲೂ, ಅಂದರೆ ನವಾಹೋ ಮೂಲನಿವಾಸಿಗಳು ತಾವೇ ಆಳಿಕೊಳ್ಳುವ ನೆಲದಲ್ಲೂ, ಇದೆ. ಆಂಟಲೋಪ್ ನವಾಹೋ ನೆಲ, ಆದರೂ ಅಲ್ಲಿನ ಟೂರ್‌ಗಳು ಹೊರಡುವುದು ಪೇಜ್ ಊರಿನ ಸಮಯಕ್ಕೆ, ಅಂದರೆ ಅರಿಝೋನಾ ಸಮಯಕ್ಕೆ. ಇಷ್ಟೂ ನನಗೆ ಗೊತ್ತಿತ್ತು. ಬುಕ್ ಮಾಡುವಾಗ ಓದಿ, ಪೇಪರಿನಲ್ಲಿ ಬರೆದುಕೊಂಡೂ ಇದ್ದೆ. ಕನಾಬ್ ಸಮಯದಿಂದ ಒಂದು ಗಂಟೆ ಕಳೆಯಬೇಕು, ಅಷ್ಟೇ ತಾನೆ?

ನಾನು ಯೋಚಿಸದೇ ಇದ್ದದ್ದು ಫೋನಿನ ಬಗ್ಗೆ. ಕನಾಬ್‌ನಿಂದ ಅರಿಝೋನಾ ಗಡಿ ಕೆಲವೇ ಮೈಲಿ. ರಾತ್ರಿ ಯಾವಾಗಲೋ ಫೋನು ಆ ಕಡೆಯ ಟವರ್ ಹಿಡಿದು ತಾನೇ ಒಂದು ಗಂಟೆ ಹಿಂದೆ ಹೋಗಿದೆ. ಬೆಳಿಗ್ಗೆ ನೋಡಿದೆ, ಒಂಬತ್ತು. ಹಾಗಾದರೆ ಪೇಜ್‌ನಲ್ಲಿ ಎಂಟು, ನಮ್ಮ ಟೂರ್ 11:30ಕ್ಕೆ, ಬೇಕಾದಷ್ಟು ಟೈಮಿದೆ ಅಂದುಕೊಂಡೆ. ಅಮ್ಮ ಅವಲಕ್ಕಿಗೆ ಒಗ್ಗರಣೆ ಹಾಕಿದರು, ಅಪ್ಪ ನಿಧಾನಕ್ಕೆ ಸ್ನಾನ ಮಾಡಿದರು. ಕಾರಿನಲ್ಲಿ ಕೂತಾಗ ನನ್ನ ಗಂಡ ಹೇಳಿದರೂ ಹೇಳಿದರು, 'ಕಾರಿನ ಗಡಿಯಾರ, ನಿನ್ನ ಫೋನು ಎರಡೂ ಒಂದೇ ತೋರಿಸ್ತಿದೆ ನೋಡು' ಅಂತ. ಕಾರಿನ ಗಡಿಯಾರ ಫೀನಿಕ್ಸ್‌ನಲ್ಲಿ ಇಟ್ಟದ್ದು, ಅದು ಬದಲಾಗುವುದಿಲ್ಲ. ಫೋನೂ ಅರಿಝೋನಾ ಸಮಯಕ್ಕೇ ಹೋಗಿಬಿಟ್ಟಿದೆ ಅಂತ ಅಲ್ಲೇ ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಮುಕ್ಕಾಲು ಗಂಟೆ ಮೊದಲೇ ತಲುಪಿದೆವು ಅನ್ನುವ ಖುಷಿಯಲ್ಲಿ ಟೂರ್ ಆಫೀಸಿನ ಒಳಗೆ ಹೋದರೆ ಗೋಡೆ ಗಡಿಯಾರದಲ್ಲಿ 11:45. ನಮ್ಮ ಗುಂಪು ಹೋಗಿಯಾಗಿತ್ತು.

ದುಡ್ಡು ವಾಪಸ್ ಇಲ್ಲ. ನಾಲ್ಕು ಗಂಟೆಯ ಗುಂಪಿನಲ್ಲಿ ಜಾಗ ಇದೆ, ಬೇಕಾದರೆ ಹೋಗಿ ಅಂದರು. ಅವರದ್ದು ತಪ್ಪಲ್ಲ, ನಿಯಮ ಮೊದಲೇ ಹೇಳಿದ್ದರು. ಆದರೆ ನಾನು ಮಧ್ಯಾಹ್ನದ ಹೊತ್ತಿಗೇ ಜಾಸ್ತಿ ದುಡ್ಡು ಕೊಟ್ಟು ಬುಕ್ ಮಾಡಿದ್ದು ಯಾಕೆ? ಆಂಟಲೋಪ್‌ನಲ್ಲಿ ಅಪ್ಪರ್, ಲೋವರ್ ಅಂತ ಎರಡು ಭಾಗ, ಈ ಸಲ ನಾವು ಹೋಗಿದ್ದು ಅಪ್ಪರ್‌ಗೆ. ಅಲ್ಲಿ ಮಾರ್ಚ್ ಮಧ್ಯದಿಂದ ಅಕ್ಟೋಬರ್ ಶುರುವಿನ ತನಕ, ಸೂರ್ಯ ನೆತ್ತಿಯ ಮೇಲಿದ್ದಾಗ ಮಾತ್ರ, ಮೇಲಿನ ಬಿರುಕಿನಿಂದ ಬಿಸಿಲು ಕೋಲಿನ ಹಾಗೆ ನೇರ ಕೆಳಗಿಳಿಯುತ್ತದೆ. ಅದನ್ನು ಅಮ್ಮನಿಗೆ ತೋರಿಸಬೇಕು ಅಂತ ತುಂಬಾ ಆಸೆ ಇತ್ತು. ನಾಲ್ಕು ಗಂಟೆಗೆ ಅದರ ಸುಳಿವೂ ಇರಲಿಲ್ಲ. ಈಗಲೂ ಅದು ಮನಸ್ಸಿಗೆ ಚುಚ್ಚುತ್ತದೆ. ನೀವು ಹೋಗುವುದಾದರೆ ಹಿಂದಿನ ದಿನವೇ ಫೋನಿನಲ್ಲಿ ಸಮಯ ತಾನಾಗಿ ಬದಲಾಗುವುದನ್ನು ನಿಲ್ಲಿಸಿ, ಫೀನಿಕ್ಸ್ ಸಮಯಕ್ಕೆ ಇಟ್ಟುಬಿಡಿ. ಇಲ್ಲವೇ ಪೇಜ್‌ನಲ್ಲೇ ಉಳಿಯಿರಿ.

ಒಳಗೆ? ಬಿಸಿಲು ಕೋಲು ಇಲ್ಲದೆಯೂ ಗೋಡೆಗಳು ಬೆಂಕಿಯ ಬಣ್ಣ. ಕಲ್ಲಿನಲ್ಲಿರುವ ಕಬ್ಬಿಣದ ಅಂಶಕ್ಕೆ ಆ ಕೆಂಪು, ಮೇಲಿಂದ ಬಿದ್ದ ಬೆಳಕು ಗೋಡೆಯಿಂದ ಗೋಡೆಗೆ ಹಾರುತ್ತಾ ಕೆಳಗೆ ಬರುವಷ್ಟರಲ್ಲಿ ಕಿತ್ತಳೆ, ಗುಲಾಬಿ, ತಳದಲ್ಲಿ ನೇರಳೆ ಆಗಿರುತ್ತದೆ. ನೆಲ ಮರಳು, ಸಮತಟ್ಟು, ಮೊಣಕಾಲು ನೋವಿರುವ ಅಮ್ಮನಿಗೆ ಕಷ್ಟವಾಗಲಿಲ್ಲ. ಆದರೆ ಸಂದಿಯೊಳಗೆ ನಡೆಯುವುದು 200 ಮೀಟರ್ ಆಸುಪಾಸು. ಗೈಡ್ ಇಲ್ಲದೆ ಬಿಡುವುದಿಲ್ಲ, ಬ್ಯಾಗ್ ಒಯ್ಯುವ ಹಾಗಿಲ್ಲ, ಮುಂದೊಂದು ಗುಂಪು, ಹಿಂದೊಂದು ಗುಂಪು. ನಿಲ್ಲಬೇಕು ಅನ್ನಿಸಿದ ಕಡೆ ನಿಲ್ಲಲಾಗುವುದಿಲ್ಲ. ಲೋವರ್ ಆಂಟಲೋಪ್ ಎರಡು ವರ್ಷದ ಹಿಂದೆ ನೋಡಿದ್ದೆ. ಅದು ಇನ್ನೂ ಚೆಂದ, ಆದರೆ ಕಡಿದಾದ ಕಬ್ಬಿಣದ ಏಣಿಗಳಿವೆ, ವಯಸ್ಸಾದವರಿಗೆ ಬೇಡ.

ಮಾರನೇ ದಿನ ವೈರ್ ಪಾಸ್. ಒಬ್ಬರಿಗೆ 6 ಡಾಲರ್, ಮೊದಲೇ ಆನ್‌ಲೈನ್‌ನಲ್ಲಿ ಕಟ್ಟಿ ಹೋದೆವು. ಆಂಟಲೋಪ್‌ನಲ್ಲಿ ಒಬ್ಬರಿಗೆ ಅದರ ಹತ್ತು ಪಟ್ಟಿಗೂ ಜಾಸ್ತಿ ಕೊಟ್ಟಿದ್ದೆವು. ಹೆದ್ದಾರಿ ಬಿಟ್ಟು 8.5 ಮೈಲಿ ಮಣ್ಣಿನ ರಸ್ತೆ. ಒಣಗಿದ್ದಾಗ ನಮ್ಮ ಸೆಡಾನ್ ನಿಧಾನಕ್ಕೆ ಹೋಯಿತು. ಮಳೆ ಬಿದ್ದರೆ ಆ ಜೇಡಿಯಲ್ಲಿ ಜೀಪೂ ಹೋಗುವುದಿಲ್ಲ, ಸುಮ್ನೆ ಪ್ರಯತ್ನ ಮಾಡಬೇಡಿ.

ಶುರುವಿನಲ್ಲಿ ಬಟಾಬಯಲಿನ ಒಣಹಳ್ಳ, ಬೋರು. ಆಮೇಲೆ ಗೋಡೆಗಳು ಎರಡೂ ಕಡೆಯಿಂದ ಹತ್ತಿರ ಬರುತ್ತಾ ಬಂದು, ಕೆಲವು ಕಡೆ ಭುಜ ಓರೆ ಮಾಡಿ ನಡೆಯಬೇಕು. ಅಪ್ಪ ಬಾಗಲಕೋಟೆಯವರು, ಕೈಯಿಂದ ಗೋಡೆ ಸವರುತ್ತಾ 'ನಮ್ಮ ಬಾದಾಮಿ ಕಲ್ಲಿನಂಗೇ ಅದ ನೋಡವಾ, ಪದರ ಪದರ' ಅಂದರು. ಬಾದಾಮಿಯ ಮೇಲಿನ ಶಿವಾಲಯಕ್ಕೆ ಹತ್ತುವಾಗ ಬರುವ ಆ ಇಕ್ಕಟ್ಟಿನ ದಾರಿ ನೆನಪಿದೆಯಲ್ವಾ? ಅದೇ ಥರ, ಆದರೆ ಮುಗಿಯುವುದೇ ಇಲ್ಲ. ತಲೆಯಿಂದ ಎಷ್ಟೋ ಎತ್ತರದಲ್ಲಿ ಒಂದು ಮರದ ದಿಮ್ಮಿ ಎರಡು ಗೋಡೆಗಳ ನಡುವೆ ಅಡ್ಡ ಸಿಕ್ಕಿಕೊಂಡಿತ್ತು. ಪ್ರವಾಹ ತಂದು ಇಟ್ಟದ್ದು.

ಇದೊಂದು ವಿಷಯದಲ್ಲಿ ಆಂಟಲೋಪ್ ಮೇಲು. ಅಲ್ಲಿ ಮಳೆಯ ಅಪಾಯ ನೋಡಿಕೊಳ್ಳಲು ಜನ ಇದ್ದಾರೆ. 1997ರ ಆಗಸ್ಟ್ 12ರಂದು ಲೋವರ್ ಆಂಟಲೋಪ್‌ನಲ್ಲಿ ಪ್ರವಾಹ ಬಂದು 11 ಜನ ಸತ್ತರು, ಮಳೆ ಬಿದ್ದದ್ದು ಮೈಲಿಗಟ್ಟಲೆ ಆಚೆ. ವೈರ್ ಪಾಸ್‌ನಲ್ಲಿ ಹೇಳುವವರು ಯಾರೂ ಇಲ್ಲ, ಹವಾಮಾನ ನೀವೇ ನೋಡಬೇಕು. ಜುಲೈನಿಂದ ಸೆಪ್ಟೆಂಬರ್‌ವರೆಗೆ ನಾನಂತೂ ಹೋಗುವುದಿಲ್ಲ.

ನಡುವೆ ಒಂದು ಕಡೆ ಬಂಡೆಗಳು ಸಿಕ್ಕಿಕೊಂಡು ಆಳುದ್ದಕ್ಕೂ ಜಾಸ್ತಿ ಇಳಿಯಬೇಕು. ಅಮ್ಮ ಬೇಡ ಅಂದು ನೆರಳಲ್ಲಿ ಕೂತರು. ನನ್ನ ಗಂಡ ಕೆಳಗೆ ನಿಂತು ಹೆಗಲು ಕೊಟ್ಟು ಅಪ್ಪನನ್ನು ಇಳಿಸಿ, ಮತ್ತೆ ಹತ್ತಿ ಅಮ್ಮನ ಜೊತೆ ಕೂತರು. ಅಪ್ಪ, ನಾನು ಇಬ್ಬರೇ ಮುಂದೆ ಹೋದೆವು. ಹೊರಟ ಕಡೆಯಿಂದ 1.7 ಮೈಲಿಗೆ ಇದು ಬಕ್‌ಸ್ಕಿನ್ ಗಲ್ಚ್ ಅನ್ನುವ ದೊಡ್ಡ ಕಣಿವೆಗೆ ಸೇರುತ್ತದೆ. ಅಲ್ಲಿ ಗೋಡೆಯ ಬುಡದಲ್ಲಿ ಹಿಂದಿನ ಕಾಲದವರು ಕೆತ್ತಿದ ಕಾಡುಕುರಿಗಳ ಸಾಲು. ಅಪ್ಪ ಅದರ ಮುಂದೆ ಅರ್ಧ ಗಂಟೆ ಕೂತರು. ಏಳಿ, ಮುಂದೆ ಹೋಗಿ ಅನ್ನುವವರು ಯಾರೂ ಇರಲಿಲ್ಲ.

ನನಗೆ ಬೇಕಾಗಿದ್ದೇ ಅದು. ಬೆಳಗಿನ ಮೂರು ತಾಸು ನಡೆಯಬೇಕು, ಬುತ್ತಿ ಬಿಚ್ಚಬೇಕು, ಯಾರ ಗಡಿಯಾರಕ್ಕೂ ಓಡಬಾರದು. ನಾಲ್ಕು ಜನಕ್ಕೆ 24 ಡಾಲರ್. ಹೆಚ್ಚು ದೂರ ನಡೆಯಲಾಗದವರು ಜೊತೆಗಿದ್ದರೆ, ಒಂದೇ ದಿನ ಇದ್ದರೆ, ಬಣ್ಣವೇ ಮುಖ್ಯ ಅಂದರೆ ಅಪ್ಪರ್ ಆಂಟಲೋಪ್‌ಗೇ ಹೋಗಿ. ಬಾಡಿಗೆ ಕಾರಾದರೆ ಮಣ್ಣಿನ ರಸ್ತೆಗೆ ಒಪ್ಪಿಗೆ ಇದೆಯಾ ಅಂತ ಮೊದಲು ಕೇಳಿ.

ಅಕ್ಟೋಬರ್ ಕೊನೆಗೆ ಅಪ್ಪ-ಅಮ್ಮ ಊರಿಗೆ ಹೊರಡುತ್ತಾರೆ. ಅಷ್ಟರೊಳಗೆ ಇನ್ನೊಂದು ಸಲ ವೈರ್ ಪಾಸ್‌ಗೆ ಹೋಗುವುದು ಅಂತ ಆಗಿದೆ. ಈ ಸಲ ಗಟ್ಟಿ ಹಗ್ಗ ಒಯ್ಯುತ್ತೇವೆ. ಅಮ್ಮನಿಗೂ ಆ ಕುರಿಗಳನ್ನು ತೋರಿಸಬೇಕು.