ವೇಗಸ್‌ನಿಂದ ಗ್ರ್ಯಾಂಡ್ ಕ್ಯಾನಿಯನ್‌ಗೆ ಕಾರು ತೆಗೆಯುವ ಮುಂಚೆ: ನಾಲ್ಕು ದಿನದ ಪ್ಲಾನ್ ಕೆಟ್ಟದ್ದು ಹೇಗೆ

ಜುಲೈ ತಿಂಗಳು. ಗಂಡ-ಹೆಂಡತಿ, ಇಬ್ಬರು ಮಕ್ಕಳು, ಊರಿಂದ ಬಂದಿದ್ದ ತಂದೆ-ತಾಯಿ, ಒಟ್ಟು ಆರು ಜನ. ಬಾಡಿಗೆಗೆ ಹಿಡಿದ ಒಂದು ಮಿನಿವ್ಯಾನ್. ಲಾಸ್ ವೇಗಸ್ ಬಿಟ್ಟು ಗ್ರ್ಯಾಂಡ್ ಕ್ಯಾನಿಯನ್, ಪೇಜ್, ಮಾನ್ಯುಮೆಂಟ್ ವ್ಯಾಲಿ, ಜಾಯನ್ ನೋಡಿಕೊಂಡು ನಾಲ್ಕನೇ ರಾತ್ರಿ ವಾಪಸ್ ಬರುವುದು ಅವರ ಲೆಕ್ಕ. ಫೋನಿನ ಮ್ಯಾಪ್‌ನಲ್ಲಿ ಎಲ್ಲವೂ ಸಲೀಸಾಗಿ ಕೂತಿತ್ತು. ಒಂದು ದಿನವೂ ಅಂದುಕೊಂಡಂತೆ ನಡೆಯಲಿಲ್ಲ. ಹುಲಿ-ಕರಡಿಯ ಕಾಟವಲ್ಲ, ಗಾಡಿ ಕೆಟ್ಟದ್ದೂ ಅಲ್ಲ. ಈ ದಾರಿಯಲ್ಲಿ ಬೇಸಿಗೆಗೆ ಹೋಗುವ ಬಹಳಷ್ಟು ಕುಟುಂಬಗಳು ಮುಗ್ಗರಿಸುವ ಜಾಗಗಳಲ್ಲೇ ಇವರೂ ಮುಗ್ಗರಿಸಿದರು.

ಮೊದಲನೆಯದು ಹೆಸರಿನ ಮೋಸ. ವೇಗಸ್‌ನಲ್ಲಿ ಕೂತು ಗ್ರ್ಯಾಂಡ್ ಕ್ಯಾನಿಯನ್ ಅಂತ ಹುಡುಕಿದರೆ ಎರಡು-ಎರಡೂಕಾಲು ಗಂಟೆಯ ದಾರಿಯಲ್ಲಿ ‘ಗ್ರ್ಯಾಂಡ್ ಕ್ಯಾನಿಯನ್ ವೆಸ್ಟ್’ ಸಿಗುತ್ತದೆ. 2007ರಲ್ಲಿ ಶುರುವಾದ ಗಾಜಿನ ಸ್ಕೈವಾಕ್ ಇರುವುದು ಅಲ್ಲೇ. ಆದರೆ ಅದು ರಾಷ್ಟ್ರೀಯ ಉದ್ಯಾನವಲ್ಲ, ಹುವಾಲಪೈ ಬುಡಕಟ್ಟಿನವರ ಜಮೀನು. ನ್ಯಾಷನಲ್ ಪಾರ್ಕ್ ಪಾಸ್ ಅಲ್ಲಿ ನಡೆಯುವುದಿಲ್ಲ, ತಲೆಗೊಂದು ಟಿಕೆಟ್ ಕೊಳ್ಳಬೇಕು. ಸ್ಕೈವಾಕ್ ಮೇಲೆ ಸ್ವಂತ ಫೋನು, ಕ್ಯಾಮೆರಾ ಒಯ್ಯಲು ಬಿಡುತ್ತಾರಾ ಅಂತ ಟಿಕೆಟ್ ಕೊಳ್ಳುವಾಗಲೇ ಕೇಳಿಕೊಳ್ಳಿ. ಜಾಗ ಚೆನ್ನಾಗಿಲ್ಲ ಎಂದಲ್ಲ. ಆದರೆ ಫೋಟೋಗಳಲ್ಲಿ ನೋಡಿ ಆಸೆಪಟ್ಟ ಮ್ಯಾದರ್ ಪಾಯಿಂಟ್, ಬ್ರೈಟ್ ಏಂಜಲ್ ಟ್ರೇಲ್, ಡೆಸರ್ಟ್ ವ್ಯೂ ಗೋಪುರ ಎಲ್ಲ ಇರುವುದು ರಾಷ್ಟ್ರೀಯ ಉದ್ಯಾನದ ಸೌತ್ ರಿಮ್‌ನಲ್ಲಿ, ಅಂದರೆ ಕಣಿವೆಯ ದಕ್ಷಿಣದ ಅಂಚಿನಲ್ಲಿ. ವೇಗಸ್‌ನಿಂದ ಅದು ಸುಮಾರು 280 ಮೈಲಿ, ನಾಲ್ಕೂವರೆ ಗಂಟೆ. ವೆಸ್ಟ್‌ನಿಂದ ಸೌತ್ ರಿಮ್‌ಗೆ ಕಣಿವೆಯಂಚಿನಲ್ಲೇ ಹೋಗುವ ರಸ್ತೆಯಿಲ್ಲ. ಕಿಂಗ್‌ಮನ್‌ಗೆ ಇಳಿದು, ಐ-40 ಹೆದ್ದಾರಿ ಹಿಡಿದು, ವಿಲಿಯಮ್ಸ್ ಮೇಲೆ ಸುತ್ತಿ ಬರಬೇಕು. ನಾಲ್ಕು ಗಂಟೆಯ ಮೇಲಾಗುತ್ತದೆ. ಇವರು ಮಧ್ಯಾಹ್ನ ಮೂರೂವರೆಗೆ ವೆಸ್ಟ್ ಬಿಟ್ಟರು. ಹೋಟೆಲ್ ಇದ್ದ, ಸೌತ್ ರಿಮ್ ಪಕ್ಕದ ಊರು ಟುಸಯಾನ್ ಮುಟ್ಟುವಾಗ ಕತ್ತಲು. ಸೂರ್ಯಾಸ್ತ ದಾರಿಯಲ್ಲೇ ಮುಗಿದಿತ್ತು.

ನಾರ್ತ್ ರಿಮ್ ವಿಷಯವೂ ಹೀಗೆಯೇ. ಎದುರು ಅಂಚು ಹಕ್ಕಿ ಹಾರುವ ದೂರ 10 ಮೈಲಿ, ರಸ್ತೆಯಲ್ಲಿ 200 ಮೈಲಿಗೂ ಹೆಚ್ಚು. ಅಲ್ಲಿನ ಹಳೆಯ ಲಾಡ್ಜ್ 2025ರ ಜುಲೈ ಕಾಡ್ಗಿಚ್ಚಿನಲ್ಲಿ ಸುಟ್ಟುಹೋಗಿದೆ. ಹಳೆಯ ಬ್ಲಾಗ್ ನೋಡಿ ರೂಮು ಹುಡುಕಬೇಡಿ.

ಎರಡನೇ ದಿನದ್ದು ಪ್ರಾಣಕ್ಕೆ ಸಂಬಂಧಿಸಿದ ಮಾತು, ಸ್ವಲ್ಪ ನಿಧಾನವಾಗಿ ಓದಿ. ಸೌತ್ ರಿಮ್ ಸುಮಾರು 7,000 ಅಡಿ ಎತ್ತರದಲ್ಲಿದೆ. ಬೆಳಿಗ್ಗೆ ಹವೆ ತಂಪಾಗಿರುತ್ತದೆ, ನಡೆಯೋಣ ಅನ್ನಿಸುತ್ತದೆ. ಒಂಬತ್ತೂವರೆಗೆ ಎಲ್ಲರೂ ಬ್ರೈಟ್ ಏಂಜಲ್ ಟ್ರೇಲ್ ಇಳಿದರು. ಇಳಿಜಾರಾದ್ದರಿಂದ ಕಾಲಿಗೆ ಆಯಾಸವೇ ಗೊತ್ತಾಗುವುದಿಲ್ಲ. ಒಂದೂವರೆ ಮೈಲಿಯ ವಿಶ್ರಾಂತಿ ಮನೆಯ ತನಕ ಹೋದರು. ಅಷ್ಟರಲ್ಲಿ 1,100 ಅಡಿ ಇಳಿದಾಗಿತ್ತು. ಬೆಟ್ಟ ಹತ್ತುವಾಗ ಸುಸ್ತಾದರೆ ಅಲ್ಲಿಂದಲೇ ತಿರುಗಿ ಇಳಿಯಬಹುದು. ಕಣಿವೆಯಲ್ಲಿ ತಿರುಗುವುದೆಂದರೆ ಹತ್ತುವುದೇ. ಇಳಿದ ಹೊತ್ತಿನ ಎರಡರಷ್ಟು ಹತ್ತುವುದಕ್ಕೆ ಇಟ್ಟುಕೊಳ್ಳಿ ಅಂತ ರೇಂಜರುಗಳು ಹೇಳುತ್ತಾರೆ. ವಯಸ್ಸಾದವರಿಗೆ ಅದೂ ಸಾಲದು. ಕೆಳಗಿಳಿದಷ್ಟೂ ಬಿಸಿ ಏರುತ್ತದೆ, ಬೇಸಿಗೆಯಲ್ಲಿ ನದಿಯ ಮಟ್ಟದಲ್ಲಿ 40 ಡಿಗ್ರಿ ಸೆಲ್ಸಿಯಸ್ ದಾಟುವುದು ಮಾಮೂಲು. ಹತ್ತರಿಂದ ನಾಲ್ಕರವರೆಗೆ ಕಣಿವೆಯೊಳಗೆ ನಡೆಯಬೇಡಿ ಎಂಬ ಫಲಕ ಅದಕ್ಕೇ.

ತಾತನ ಹತ್ತಿರ ನೀರಿತ್ತು, ಧಾರಾಳವಾಗಿ ಕುಡಿದರು ಕೂಡ. ಅರ್ಧ ಹತ್ತುವಷ್ಟರಲ್ಲಿ ತಲೆನೋವು, ವಾಂತಿ, ಕೇಳಿದ್ದಕ್ಕೆ ಸಂಬಂಧವಿಲ್ಲದ ಉತ್ತರ. ಮನೆಯವರು ಇನ್ನಷ್ಟು ನೀರು ಕುಡಿಸಿದರು. ಇಲ್ಲೇ ಎಡವಟ್ಟಾಗುವುದು. ಬೆವರಿನಲ್ಲಿ ಉಪ್ಪು ಹೋಗಿ, ಬರೀ ನೀರು ಹೊಟ್ಟೆಗೆ ಬೀಳುತ್ತಾ ಇದ್ದರೆ ರಕ್ತದಲ್ಲಿ ಸೋಡಿಯಂ ಇಳಿಯುತ್ತದೆ. ಲಕ್ಷಣ ನೋಡಿದರೆ ಬಿಸಿಲ ಬಳಲಿಕೆಯ ಹಾಗೇ ಇರುತ್ತದೆ, ಆದರೆ ನೀರು ಕುಡಿಸಿದಷ್ಟೂ ಹೆಚ್ಚುತ್ತದೆ. ಮೂತ್ರ ಹೆಚ್ಚಿಸುವ ಬಿಪಿ ಮಾತ್ರೆ ತೆಗೆದುಕೊಳ್ಳುವವರಿಗೆ ಅಪಾಯ ಇನ್ನೂ ಜಾಸ್ತಿ. ಹೊರಡುವ ಮುಂಚೆ ಡಾಕ್ಟರನ್ನು ಕೇಳಲೇಬೇಕು. ನೀರಿನ ಜೊತೆಗೆ ಉಪ್ಪಿರುವ ತಿಂಡಿ ಆಗಾಗ ಬಾಯಿಗೆ ಹಾಕಿಕೊಳ್ಳುತ್ತಿರಬೇಕು, ತಲೆಗೆ ಒಂದೆರಡು ಓಆರ್‌ಎಸ್ ಪೊಟ್ಟಣ ಜೇಬಿನಲ್ಲಿರಬೇಕು. ಮಾತು ತಡವರಿಸಲು ಶುರುವಾದರೆ ಮನೆಮದ್ದು ಬಿಟ್ಟು ನೆರಳಲ್ಲಿ ಕೂರಿಸಿ, 911ಕ್ಕೆ ಕರೆ ಮಾಡಿ. ಸಿಗ್ನಲ್ ಸಿಗದಿದ್ದರೆ ಹತ್ತುತ್ತಿರುವ ಇಬ್ಬರ ಕೈಲಿ ರೇಂಜರಿಗೆ ಸುದ್ದಿ ಕಳಿಸಿ. ಟ್ರೇಲ್‌ನ ನಲ್ಲಿಗಳನ್ನೇ ನಂಬಿ ಖಾಲಿ ಬಾಟಲಿ ಒಯ್ಯಬೇಡಿ. ಪೈಪ್ ಒಡೆದರೆ ಅವು ಬಂದ್.

ಅಪ್ಪ-ಅಮ್ಮನಿಗೆ ಕಣಿವೆ ತೋರಿಸಲು ಇಳಿಯುವ ಅಗತ್ಯವೇ ಇಲ್ಲ. ರಿಮ್ ಟ್ರೇಲ್ ಬಹುಪಾಲು ಸಮತಟ್ಟಾಗಿದೆ, ಉದ್ದಕ್ಕೂ ಉಚಿತ ಶಟಲ್ ಬಸ್ ಇದೆ, ಸುಸ್ತಾದರೆ ಅದರ ನಿಲ್ದಾಣದಲ್ಲಿ ಹತ್ತಿಕೊಳ್ಳಬಹುದು.

ಮೂರನೇ ದಿನ ಕೆಟ್ಟದ್ದು ಗಡಿಯಾರದಿಂದ. ಅರಿಜೋನಾ ರಾಜ್ಯ ಬೇಸಿಗೆಯಲ್ಲಿ ಗಡಿಯಾರ ಮುಂದಕ್ಕೆ ತಿರುಗಿಸುವುದಿಲ್ಲ. ಅದರೊಳಗಿರುವ ನವಾಹೋ ನೇಷನ್ ಎಂಬ ಬುಡಕಟ್ಟು ಪ್ರದೇಶ ತಿರುಗಿಸುತ್ತದೆ. ನವಾಹೋ ನಡುವೆ ಇರುವ ಹೋಪಿ ಪ್ರದೇಶ ಮತ್ತೆ ತಿರುಗಿಸುವುದಿಲ್ಲ! ಪಕ್ಕದ ಯೂಟಾ ತಿರುಗಿಸುತ್ತದೆ. ಪೇಜ್ ಊರು ಮತ್ತು ಅದರ ಪಕ್ಕದ ಕಿರಿದಾದ ಕಣಿವೆ ಆಂಟಲೋಪ್ ಕ್ಯಾನಿಯನ್‌ನ ಟೂರ್‌ಗಳು ಅರಿಜೋನಾ ಸಮಯಕ್ಕೆ ನಡೆದರೆ, ಮಾನ್ಯುಮೆಂಟ್ ವ್ಯಾಲಿ ಒಂದು ಗಂಟೆ ಮುಂದೆ. ಇವರು ಮಾನ್ಯುಮೆಂಟ್ ವ್ಯಾಲಿಯಲ್ಲಿ ನಾಲ್ಕು ಗಂಟೆಗೆ ಜೀಪ್ ಟೂರ್ ಬುಕ್ ಮಾಡಿದ್ದರು. ಪೇಜ್‌ನಿಂದ ಎರಡು ಗಂಟೆಯ ದಾರಿ, ಒಂದೂವರೆಗೆ ಹೊರಟರೆ ಅರ್ಧ ಗಂಟೆ ಉಳಿಯುತ್ತದೆ ಎಂದುಕೊಂಡರು. ಮುಟ್ಟಿದಾಗ ಅಲ್ಲಿ ನಾಲ್ಕೂವರೆ. ಜೀಪ್ ಹೋಗಿಯಾಗಿತ್ತು, ದುಡ್ಡು ವಾಪಸ್ ಬರಲಿಲ್ಲ. ಪೇಜ್‌ನಲ್ಲಿ ಫೋನು ಯೂಟಾ ಟವರ್ ಹಿಡಿದುಕೊಂಡರೆ ಅದು ತೋರಿಸುವ ಸಮಯವೂ ಸುಳ್ಳು. ಫೋನಿನ ಆಟೊಮ್ಯಾಟಿಕ್ ಟೈಮ್ ಆಫ್ ಮಾಡಿ, ಫೀನಿಕ್ಸ್ ಸಮಯ ಇಟ್ಟುಕೊಳ್ಳಿ. ಟಿಕೆಟ್ ತೆಗೆಯುವಾಗ ‘ಯಾವ ಸಮಯ’ ಅಂತ ಬಾಯಿಬಿಟ್ಟು ಕೇಳಿ.

ಟೂರ್ ತಪ್ಪಿತೆಂದು ಅವರು ಮಿನಿವ್ಯಾನನ್ನೇ ಮಾನ್ಯುಮೆಂಟ್ ವ್ಯಾಲಿ ಒಳಗಿನ 17 ಮೈಲಿಯ ಕಚ್ಚಾರಸ್ತೆಗೆ ಇಳಿಸಿದರು. ಮೊದಲ ಇಳಿಜಾರು ದಾಟಿದ ಮೇಲೆ ಪುಡಿಮರಳು. ಚಕ್ರ ಸಿಕ್ಕಿಕೊಂಡಾಗ ಆಕ್ಸಿಲರೇಟರ್ ಒತ್ತಿದಷ್ಟೂ ಗಾಡಿ ಕೂರುತ್ತದೆ. ಚಕ್ರದ ಹಿಂದೆ-ಮುಂದಿನ ಮರಳು ಕೈಯಲ್ಲಿ ತೋಡಿ, ಜನರನ್ನು ಇಳಿಸಿ, ನಿಧಾನಕ್ಕೆ ಹಿಂದಕ್ಕೆ ತೆಗೆಯಬೇಕು. ಗಾಡಿ ಹೊರಬಂತು, ಆದರೆ ತಳದ ಪ್ಲಾಸ್ಟಿಕ್ ತಟ್ಟೆ ಕಲ್ಲಿಗೆ ತಾಗಿ ಕಿತ್ತುಬಂತು. ಬಾಡಿಗೆ ಕರಾರಿನಲ್ಲಿ ಸಾಮಾನ್ಯವಾಗಿ ಡಾಂಬರಿಲ್ಲದ ರಸ್ತೆ ನಿಷಿದ್ಧ. ಅಲ್ಲಿ ಆದ ಹಾನಿಗೆ ವಿಮೆ ನಿಲ್ಲುವುದಿಲ್ಲ. ಕಾರು ತೆಗೆದುಕೊಳ್ಳುವಾಗಲೇ ಡಿಕ್ಕಿ ತೆಗೆದು ಸ್ಟೆಪ್ನಿ ಇದೆಯಾ ನೋಡಿ. ಈಗ ಎಷ್ಟೋ ಗಾಡಿಗಳಲ್ಲಿ ಗಾಳಿ ತುಂಬುವ ಕಿಟ್ ಮಾತ್ರ ಇರುತ್ತದೆ, ಟೈರಿನ ಪಕ್ಕ ಹರಿದರೆ ಅದು ಉಪಯೋಗಕ್ಕೆ ಬಾರದು.

ನಾಲ್ಕನೇ ದಿನ ಜಾಯನ್. ನಾಲ್ಕು ಗಂಟೆಗೂ ಮಿಕ್ಕಿ ಓಡಿಸಿ ಮಧ್ಯಾಹ್ನ ತಲುಪಿದರೆ ಪಾರ್ಕಿಂಗ್ ಭರ್ತಿ. ಶಟಲ್ ಓಡುವ ತಿಂಗಳುಗಳಲ್ಲಿ ಜಾಯನ್ ಕ್ಯಾನಿಯನ್ ಒಳರಸ್ತೆಗೆ ಖಾಸಗಿ ಕಾರು ಬಿಡುವುದಿಲ್ಲ ಎಂಬುದೂ ಗೊತ್ತಿರಲಿಲ್ಲ. ಕಿಟಕಿಯಿಂದ ನೋಡಿಕೊಂಡೇ ವೇಗಸ್‌ಗೆ ಹೋದರು. ಜಾಯನ್ ಗೇಟಿನ ಪಕ್ಕದ ಊರು ಸ್ಪ್ರಿಂಗ್‌ಡೇಲ್‌ನಲ್ಲಿ ರಾತ್ರಿ ಉಳಿದು, ಬೆಳಿಗ್ಗೆ ಊರಿನ ಉಚಿತ ಬಸ್ಸಿನಲ್ಲಿ ಗೇಟಿಗೆ ಬಂದರೆ ಈ ತಲೆನೋವೇ ಇಲ್ಲ. ಆರ್‌ವಿ (ಮಲಗಲು ಜಾಗವಿರುವ ದೊಡ್ಡ ಗಾಡಿ) ತರುವವರು ಜಾಯನ್ ದಾರಿಯ 1930ರ ಸುರಂಗದ ಅಳತೆ, ನಿಯಮ ಎರಡನ್ನೂ ಮೊದಲೇ ನೋಡಿಕೊಳ್ಳಿ.

ಪಾಸ್ ಲೆಕ್ಕ ಈಗ ಬದಲಾಗಿದೆ. 2026ರ ಜನವರಿ 1ರಿಂದ ವಾರ್ಷಿಕ ಪಾಸ್ ಅಮೆರಿಕದ ನಿವಾಸಿಗಳಿಗೆ 80 ಡಾಲರ್, ಹೊರಗಿನವರಿಗೆ 250. ಪಾಸ್ ಇಲ್ಲದೆ ಬರುವ ಹೊರದೇಶದವರಿಗೆ ಗ್ರ್ಯಾಂಡ್ ಕ್ಯಾನಿಯನ್, ಜಾಯನ್, ಬ್ರೈಸ್, ಯೆಲ್ಲೋಸ್ಟೋನ್, ಯೊಸೆಮಿಟಿ ಸೇರಿ 11 ಉದ್ಯಾನಗಳಲ್ಲಿ, 16 ವರ್ಷ ತುಂಬಿದ ಪ್ರತಿಯೊಬ್ಬರಿಗೂ ಪ್ರವೇಶ ಶುಲ್ಕದ ಮೇಲೆ 100 ಡಾಲರ್. ಸರ್ಕಾರಿ ಗುರುತಿನ ಚೀಟಿ ಕೈಗೆ ಸಿಗುವ ಹಾಗಿರಲಿ. ಆಂಟಲೋಪ್, ಮಾನ್ಯುಮೆಂಟ್ ವ್ಯಾಲಿ, ಪೇಜ್ ಪಕ್ಕದ ನದಿ ತಿರುವು ಹಾರ್ಸ್‌ಶೂ ಬೆಂಡ್‌ನ ಪಾರ್ಕಿಂಗ್ ಯಾವುದಕ್ಕೂ ಈ ಪಾಸ್ ಲೆಕ್ಕಕ್ಕಿಲ್ಲ.

ಇದೇ ಸುತ್ತಿಗೆ ವಯಸ್ಸಾದವರಿದ್ದರೆ ಆರು ರಾತ್ರಿ ಬೇಕು: ಸೌತ್ ರಿಮ್ ಎರಡು, ಪೇಜ್ ಎರಡು, ಜಾಯನ್ ಎರಡು. ಸ್ಕೈವಾಕ್ ಬಿಡಿ. ಮಂಡಿನೋವಿದ್ದವರಿಗೆ ಲೋಯರ್ ಆಂಟಲೋಪ್ ಬೇಡ, ಅದರಲ್ಲಿ ಕಡಿದಾದ ಕಬ್ಬಿಣದ ಏಣಿಗಳಿವೆ. ಜುಲೈಯಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಗುಡುಗುಮಳೆಯ ಕಾಲ. 1997ರ ಆಗಸ್ಟ್‌ನಲ್ಲಿ ಲೋಯರ್ ಆಂಟಲೋಪ್‌ನಲ್ಲಿ 11 ಪ್ರವಾಸಿಗರು ಕೊಚ್ಚಿಹೋದರು. ಮಳೆ ಬಿದ್ದದ್ದು ಮೈಲಿಗಟ್ಟಲೆ ಆಚೆ. ಹಾಗಾಗಿ ಟೂರ್ ರದ್ದು ಅಂದರೆ ಆಕಾಶ ತೋರಿಸಿ ಜಗಳ ಮಾಡಬೇಡಿ, ಮಾರನೇ ಬೆಳಗ್ಗೆಗೆ ಬದಲಾಯಿಸಿಕೊಡಲು ಕೇಳಿ. ಪೇಜ್‌ನಲ್ಲಿ ಎರಡನೇ ರಾತ್ರಿ ಹೇಳಿದ್ದು ಅದಕ್ಕೇ.